ಕಿರುಚಮ್ಮನ ಒಂದು ಮಾತು

ನನ್ನ ಚಿಕ್ಕಮ್ಮ ಎಷ್ಟು ಸಲ ಸತ್ತಿದ್ದಾಳೋ ಲೆಕ್ಕವಿಲ್ಲ. ಗುಂಡು ತಿಂದಿದ್ದಾಳೆ, ಮಹಡಿಯಿಂದ ಬಿದ್ದಿದ್ದಾಳೆ, ಬಾವಿಗೆ ಹಾರಿದ್ದಾಳೆ. ಇಷ್ಟೆಲ್ಲ ಆದಮೇಲೂ ಸಂಜೆ ಮನೆಗೆ ಬಂದು ಒಣಗಿದ ಬಟ್ಟೆ ಮಡಚುತ್ತ ಕೂರುತ್ತಿದ್ದಳು. ಸಿನಿಮಾದ ಹೆಂಗಸರಿಗೆ ಕಿರುಚಿಕೊಡುವುದೇ ಅವಳ ಕೆಲಸವಾಗಿತ್ತು. ನಾಯಕಿಯ ಮಾತಿಗೆ ದನಿ ಕೊಡಲು ಬೇರೊಬ್ಬ ಹುಡುಗಿ ಇರುತ್ತಿದ್ದಳು. ಕಿರುಚಿದರೆ ಆ ಹುಡುಗಿಯ ಗಂಟಲು ಕೆಟ್ಟೀತು ಎಂದು ಆ ಪಾಲನ್ನು ಮಾತ್ರ ಚಿಕ್ಕಮ್ಮನಿಗೆ ಎತ್ತಿಡುತ್ತಿದ್ದರು. ಹಾಗಾದರೆ ಚಿಕ್ಕಮ್ಮನ ಗಂಟಲೇನು ತಗಡಿನದೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಉರಿಯುತ್ತಿರಲಿಲ್ಲ, ಅದು ಬೇರೆ ಮಾತು.

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕಿರುಚಮ್ಮ ಎನ್ನುತ್ತಿದ್ದರು. ಮನೆಯಲ್ಲಿ ನೋಡಿದರೆ ಅವಳಷ್ಟು ಮೆಲುದನಿಯವಳು ಇನ್ನೊಬ್ಬಳಿಲ್ಲ. ತರಕಾರಿಯವನನ್ನು ಕೂಗಿ ಕರೆಯಬೇಕೆಂದರೂ ನಮ್ಮನ್ನು ಕಳಿಸುತ್ತಾಳೆ. ಈ ಕಸುಬು ಅವಳಿಗೆ ಹತ್ತಿದ್ದು ಒಂದು ಜಿರಳೆಯಿಂದ. ದನಿ ಕೊಡುವ ಗೆಳತಿಯ ಜೊತೆಗೆಂದು ಸ್ಟುಡಿಯೋಗೆ ಹೋಗಿ ಮೂಲೆಯಲ್ಲಿ ಕೂತಿದ್ದಾಗ ಜಿರಳೆ ಸೀರೆ ಹತ್ತಿತಂತೆ. ಆಗ ಬಂದ ಕೂಗಿಗೆ ಸೌಂಡ್‌ನವನು ಓಡಿ ಬಂದು, "ಏನಾಯ್ತಮ್ಮಾ?" ಎಂದು ಕೇಳುವ ಬದಲು "ಇನ್ನೊಂದ್ಸಲ ಕೂಗ್ತೀರಾಮ್ಮಾ?" ಎಂದನಂತೆ.

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪನಿಗೆ ಮೊದಮೊದಲು ಇದು ಸರಿಬರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಒಮ್ಮೆ ಚಿಕ್ಕಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೊಲೆಯಾಗುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಕೆಳಮನೆಯವರು ದೊಣ್ಣೆ ಹಿಡಿದು ಹತ್ತಿಬಂದಿದ್ದರು. ಬಾಗಿಲು ತೆರೆದ ಚಿಕ್ಕಪ್ಪನ ಕೈಯಲ್ಲಿ ಸ್ಕ್ರೂಡ್ರೈವರ್ ಬೇರೆ. "ನಿನ್ನ ಅಭ್ಯಾಸ ಗಿಭ್ಯಾಸ ಎಲ್ಲಾ ಅಲ್ಲೇ ಇಟ್ಕೋ ತಾಯಿ, ನನ್ನ ಮರ್ಯಾದೆ ಉಳಿಸು" ಎಂದು ಅವರು ಕೈಮುಗಿದರು. ಆಮೇಲೆ ತಾವೇ ಬಿಸಿನೀರಿನ ಫ್ಲಾಸ್ಕ್ ಹಿಡಿದು ಅವಳ ಹಿಂದೆ ಸ್ಟುಡಿಯೋಗೆ ಹೋಗತೊಡಗಿದರು. ಅಲ್ಲಿ ಅವರ ಕೆಲಸ ನಿದ್ದೆ. ಕೂತರೆ ಸಾಕು, ಕಣ್ಣು ಮುಚ್ಚುವ ಜೀವ ಅದು.

ಚಿಕ್ಕಮ್ಮನಿಗೆ ಒಂದೇ ಆಸೆಯಿತ್ತು. "ಪರದೆ ಮೇಲೆ ಒಂದು ಮಾತಾಡ್ಬೇಕಿತ್ತು ಕಣೋ. 'ಬಾ' ಅಂತಲೋ 'ಹೋಗು' ಅಂತಲೋ, ಏನೋ ಒಂದು. ಬರೀ ಆ, ಊ ಅಂತ್ಲೇ ಮುದುಕಿ ಆಗ್ಬಿಟ್ಟೆ" ಎನ್ನುತ್ತಿದ್ದಳು. ಕೇಳಿದಾಗೆಲ್ಲ ಸಿನಿಮಾದವರು ಹಲ್ಲು ಕಿರಿದು ಜಾರಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಂಟಲು ಕೈಕೊಟ್ಟಿತು. ಇನ್ನು ಕಿರುಚಿದರೆ ಇರುವ ದನಿಯೂ ಹೋದೀತು ಎಂದು ಡಾಕ್ಟರು ಗದರಿದರು. ಒಪ್ಪಿಕೊಂಡಿದ್ದ ಒಂದು ಸಿನಿಮಾ ಮುಗಿಸಿ ಬಿಟ್ಟುಬಿಡುವುದೆಂದಾಯಿತು. ಆ ಒಂದರಲ್ಲಿ ಮಾತು ಸಿಗದಿದ್ದರೆ ಇನ್ನೆಂದೂ ಇಲ್ಲ.

ಆ ಸಿನಿಮಾವೋ, ಓಡಿಹೋದ ಪ್ರೇಮಿಗಳ ಕಥೆ. ಗ್ಯಾರೇಜಿನ ಹುಡುಗ, ಒಡವೆ ಅಂಗಡಿಯವನ ಮಗಳು. ಕದ್ದ ಕಾರಿನಲ್ಲಿ ಪಿಸ್ತೂಲು ಸಿಗುತ್ತದೆ. ಅಲ್ಲಿಂದ ಮುಂದೆ ಇವರು ತಂಗಿದ ಲಾಡ್ಜಿನಲ್ಲೆಲ್ಲ ಹೆಣ. ಇವರಿಬ್ಬರು ಪ್ರೀತಿಸಲು ಊರವರೆಲ್ಲ ಯಾಕೆ ಸಾಯಬೇಕೋ ನನಗಂತೂ ಅರ್ಥವಾಗಲಿಲ್ಲ. ಹುಡುಗಿ ಗಟ್ಟಿಗಿತ್ತಿ, ಅವನನ್ನು ಉದ್ದಕ್ಕೂ 'ಲೋ' ಎಂದೇ ಕರೆಯುತ್ತಾಳೆ, ಮುದ್ದು ಬಂದರೆ 'ಲೋ ಹಂದಿ'. ಕೊನೆಗೆ ಪೆಟ್ರೋಲ್ ಬಂಕಿನಲ್ಲಿ ಪೊಲೀಸರ ಗುಂಡು ತಗುಲಿ ಹುಡುಗ ಕುಸಿಯುತ್ತಾನೆ. ಅಲ್ಲಿ ಚಿಕ್ಕಮ್ಮ ಉದ್ದಕ್ಕೆ 'ಆ' ಎಂದು ಕೂಗಬೇಕು, ಅಷ್ಟೇ.

ಆ ಕೂಗಿನ ದಿನ ಚಿಕ್ಕಮ್ಮ ಚಿಕ್ಕಪ್ಪ ಇಬ್ಬರನ್ನೂ ಸ್ಟುಡಿಯೋಗೆ ಕರೆದೊಯ್ದಿದ್ದ ನಾನು ಸೌಂಡ್‌ನವನ ಪಕ್ಕ ನಿಂತಿದ್ದೆ. ಚಿಕ್ಕಪ್ಪ ದನಿ ದಾಟದ ದಪ್ಪ ಗಾಜಿನ ಬಾಗಿಲಾಚೆ ಕುರ್ಚಿಯಲ್ಲಿದ್ದರು. ಹಿಂದಿನ ವರ್ಷ ಅವರು ಎದೆನೋವೆಂದು ಆಸ್ಪತ್ರೆ ಸೇರಿದ್ದರು. ಅಂದಿನಿಂದ ಚಿಕ್ಕಮ್ಮನಿಗೆ ಅವರ ಮೇಲೆ ಒಂದು ಕಣ್ಣು ಇದ್ದೇ ಇರುತ್ತಿತ್ತು. ಪರದೆಯ ಮೇಲೆ ಹುಡುಗನಿಗೆ ಗುಂಡು ಬಿತ್ತು. ಅದೇ ಹೊತ್ತಿಗೆ ಚಿಕ್ಕಪ್ಪನ ತೊಡೆಯಿಂದ ಫ್ಲಾಸ್ಕಿನ ಮುಚ್ಚಳ ಉರುಳಿತು. ಜೇಬಿನ ಕನ್ನಡಕ ಬೀಳದಂತೆ ಎದೆಗೆ ಕೈಯೊತ್ತಿ ಅವರು ಬಗ್ಗಿದರು. ಮೈಕಿನ ಮುಂದಿದ್ದ ಚಿಕ್ಕಮ್ಮನಿಗೆ ಕಂಡದ್ದು, ಎದೆ ಹಿಡಿದು ಕುಸಿಯುತ್ತಿರುವ ಗಂಡ.

"ರೀ!"

ನನ್ನ ಜೀವ ಬಾಯಿಗೆ ಬಂತು. ಅಂಥ ಕೂಗನ್ನು ನಾನು ಸಿನಿಮಾದಲ್ಲಿ ಕೇಳಿಲ್ಲ, ಹೊರಗೂ ಕೇಳಿಲ್ಲ. ಗಾಜಿನಾಚೆ ಚಿಕ್ಕಪ್ಪ ನೆಟ್ಟಗಾಗಿ, ಮುಚ್ಚಳವನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಕಣ್ಣುಮುಚ್ಚಿದರು. ಅವರಿಗೆ ಏನೂ ಕೇಳಿರಲಿಲ್ಲ.

"ಏನಮ್ಮಾ ಇದು!" ನಿರ್ದೇಶಕ ತಲೆ ಚಚ್ಚಿಕೊಂಡ. "ಇಡೀ ಪಿಕ್ಚರ್ ಲೋ ಲೋ ಅಂದವಳು ಕೊನೇಲಿ ರೀ ಅಂತಾಳಾ? ಜನ ಬಿದ್ದು ಬಿದ್ದು ನಗ್ತಾರೆ."

"ತಪ್ಪಾಯ್ತು ಸಾರ್, ಇವ್ರನ್ನ ನೋಡ್ದೆ, ಬಾಯಿಗೆ ಬಂದ್ಬಿಡ್ತು" ಎಂದಳು ಚಿಕ್ಕಮ್ಮ. ನೀರು ಕುಡಿದು ಉದ್ದನೆಯ 'ಆ' ಕೂಗಿಕೊಟ್ಟಳು. ಅದೂ ಚೆನ್ನಾಗಿಯೇ ಬಂತು. ಸೌಂಡ್‌ನವನು ಮಾತ್ರ ಮೊದಲಿನದನ್ನೇ ತಿರುತಿರುಗಿ ಕೇಳುತ್ತಿದ್ದ. "ಸಾರ್, ಹುಡುಗೀನ ಬೆನ್ನ ಕಡೆಯಿಂದ ತೆಗ್ದಿದೀರ, ಬಾಯಿ ಕಾಣಲ್ಲ. ಇದನ್ನೂ ಇಟ್ಕೊಂಡಿರೋಣ" ಎಂದ.

"ನೋಡೋಣ" ಎಂದ ನಿರ್ದೇಶಕ. ನಮ್ಮವರ ಬಾಯಲ್ಲಿ 'ನೋಡೋಣ' ಎಂದರೆ ಮುಕ್ಕಾಲುಪಾಲು 'ಆಗಲ್ಲ' ಎಂದೇ ಅರ್ಥ.

ಮನೆಗೆ ಬಂದು ಚಿಕ್ಕಪ್ಪನಿಗೆ ಸರಿಯಾಗಿ ಪೂಜೆಯಾಯಿತು, ಯಾತಕ್ಕೆಂದು ಪಾಪ ಅವರಿಗೆ ಗೊತ್ತೇ ಆಗಲಿಲ್ಲ. ನನ್ನನ್ನು ಮಾತ್ರ ಚಿಕ್ಕಮ್ಮ ಆಗಾಗ ಕೇಳುತ್ತಿದ್ದಳು, "ಇಟ್ಟಿರ್ತಾನೇನೋ ಅವ್ನು? ಇಟ್ಟಿರಲ್ಲ ಬಿಡು." ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ.

ಸಿನಿಮಾ ಬಂದ ವಾರ ಮೂವರೂ ಮ್ಯಾಟಿನಿಗೆ ಹೋದೆವು. ಚಿಕ್ಕಪ್ಪ ಮೊದಲ ಕೊಲೆಗೂ ಮುಂಚೆಯೇ ಗೊರಕೆಗೆ ಇಳಿದರು. ಗುಂಡು ಹಾರಿತು, ಕಾರು ಸಿಡಿಯಿತು, ಯಾರದೋ ಕೈ ಹೋಯಿತು, ಅವರು ಮಗ್ಗುಲು ಬದಲಿಸಲಿಲ್ಲ. ಚಿಕ್ಕಮ್ಮ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ನಾಟಿತ್ತು. ಬಂಕು ಬಂತು. ಹುಡುಗಿಯ ಬೆನ್ನು ಕಂಡಿತು. ಗುಂಡಿನ ಸದ್ದಾಗಿ ಹುಡುಗ ಕುಸಿದ.

"ರೀ!"

ಯಾರೂ ನಗಲಿಲ್ಲ. ಅಷ್ಟು ಹೊತ್ತು ಸಿಳ್ಳೆ ಹೊಡೆಯುತ್ತಿದ್ದವರೂ ಬಾಯಿ ಮುಚ್ಚಿದರು. ಲೋ ಎನ್ನುತ್ತಿದ್ದ ಹುಡುಗಿ ಆ ಒಂದು ಗಳಿಗೆಯಲ್ಲಿ ಅವನೊಂದಿಗೆ ಇಡೀ ಬಾಳು ಬಾಳಿದ ಹೆಂಡತಿಯಾಗಿಬಿಟ್ಟಿದ್ದಳು. ಈ ಸಿನಿಮಾವನ್ನು ಬೈದುಕೊಂಡೇ ಕೂತಿದ್ದ ನನ್ನ ಕಣ್ಣಲ್ಲೂ ನೀರು ಬಂತು. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ.

ಆ ಮೌನದಲ್ಲಿ ಪಕ್ಕದಿಂದ, ಗಟ್ಟಿಯಾಗಿ:

"ಏನೇ?"

ಚಿಕ್ಕಪ್ಪ ಎದ್ದು ಕೂತಿದ್ದರು. ಮುಂದಿನ ಸಾಲಿನವರು ತಿರುಗಿ ನೋಡಿದರು.

"ನಿಮ್ಮನ್ನಲ್ಲ, ಸುಮ್ನಿರಿ" ಎಂದು ಚಿಕ್ಕಮ್ಮ ಪಿಸುಗುಟ್ಟಿದಳು.

"ನಿನ್ನ ದನಿ ನಂಗೆ ಗೊತ್ತಾಗಲ್ವೇನೇ? ನೀನೇ ಕರ್ದೆ."

ಚಿಕ್ಕಮ್ಮ ನನ್ನ ತೋಳು ಬಿಟ್ಟು ಅವರ ಕಡೆ ತಿರುಗಿ, "ಹೂಂ ರೀ, ನಿಮ್ಮನ್ನೇ" ಎಂದಳು.