ಹಳೆಯ ಅಳತೆಯ ಚುಚ್ಚುಮದ್ದು

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷ ದಾವಣಗೆರೆಯಲ್ಲಿ ನಮ್ಮ ಮಾವನವರಿಗೆ ಫ್ಲೂ ಚುಚ್ಚುಮದ್ದು ಹಾಕಿಸಿದೆವು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಮೂವತ್ತು ವರ್ಷ ಬೆಂದ ಎದೆ ಅವರದು. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಇನ್ನೊಮ್ಮೆ ಹಾಗಾದರೆ ಉಳಿಯುವುದು ಕಷ್ಟ ಎಂದಿದ್ದ ಡಾಕ್ಟರೇ, ಬೆಂಗಳೂರಿನಿಂದ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ತರಿಸಿದ್ದರು.

ಲಸಿಕೆಯ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ಓದುವ ಕೆಲಸ ಕಾನ್ವೆಂಟಿನಲ್ಲಿ ಕಲಿತ ಸೊಸೆಯಾದ ನನ್ನ ಪಾಲಿಗೆ ಬಂತು. ಇರುವೆ ಸಾಲಿನಂಥ ಅಕ್ಷರ. ಅರ್ಧ ಓದಿ ಮಡಚಿಟ್ಟು, "ಇನ್ನ ಹೆದರಬ್ಯಾಡ್ರಿ ಮಾವ, ಈ ವರ್ಷ ಜ್ವರ ನಿಮ್ಮ ಹತ್ರ ಸುಳಿಯಲ್ಲ" ಎಂದುಬಿಟ್ಟೆ.

ಅವರು ನಂಬಿದರು. ಹರಿಹರದಲ್ಲಿ ಅವರ ಅಕ್ಕ ಜ್ವರ ಬಂದು ಮಲಗಿದ್ದಾರೆಂದು ತಿಳಿದಾಗ, ಹೊರಗೆ ಹೋಗುವಾಗೆಲ್ಲ ಸುತ್ತಿಕೊಳ್ಳುತ್ತಿದ್ದ ಮಫ್ಲರನ್ನು ಗೂಟದಲ್ಲೇ ಬಿಟ್ಟು ಬಸ್ಸು ಹತ್ತಿದರು. ಎರಡು ದಿನ ಅಕ್ಕನ ಹಾಸಿಗೆಯ ಅಂಚಿನಲ್ಲೇ ಕೂತು ಗಂಜಿ ಕುಡಿಸಿ ಬಂದರು. ಮರುದಿನ ಅವರಿಗೂ ಜ್ವರ.

"ಎಲ್ಲೈತವಾ ನಿನ್ ಇಂಜೆಕ್ಷನ್ನು? ಹರಿಹರದ ಹೊಳಿಗೆ ಬಿತ್ತೇನು?" ಎಂದರು ಅತ್ತೆ.

ನಾನು ಮಾವನ ಹೊದಿಕೆ ಏರಿಳಿಯುವುದನ್ನೇ ಎಣಿಸುತ್ತಿದ್ದೆ.

ಡಾಕ್ಟರು ಮನೆಗೇ ಬಂದರು. "ಮುಂದೆ ಇಂಥ ವೈರಸ್ ಬರಬೌದು ಅಂತ ತಿಂಗಳುಗಟ್ಲೆ ಮೊದ್ಲೇ ಅಂದಾಜು ಮಾಡಿ ಲಸಿಕೆ ತಯಾರು ಮಾಡ್ತಾರಮ್ಮ. ಅಷ್ಟರಾಗೆ ಅದು ಬದಲಾಗಿಬಿಟ್ರೆ ಪೂರ್ತಿ ತಡಿಯಲ್ಲ. ಈ ಸಲ ಹಂಗೇ ಆಗಿರಬೌದು. ಆದ್ರೂ ಒಂದಿಷ್ಟು ಕಾಯ್ತೈತೆ, ಜೋರಾಗಕ್ಕೆ ಬಿಡದೇ ಇರಬೌದು."

"ಹಳೇ ಅಳತಿ ಜಂಪರ್ ಕೊಟ್ಟು ಹೊಸ ರವಿಕೆ ಹೊಲಿಸಿದಂಗಾತು ಬಿಡ್ರಿ" ಎಂದರು ಅತ್ತೆ. "ತೋಳು ಹಿಡಿತೈತೆ, ಮೈಯಂತೂ ಮುಚ್ತೈತೆ."

ಜ್ವರ ಐದು ದಿನ ಕಾಡಿತು. ಆಸ್ಪತ್ರೆಗೆ ಹೋಗಬೇಕಾಗಲಿಲ್ಲ. ಆರನೆಯ ದಿನ ಬೆಳಿಗ್ಗೆ ಮಾವ ಒಗ್ಗರಣೆ ಮಂಡಕ್ಕಿ ಕೇಳಿದರು. ಮೆಣಸಿನಕಾಯಿ ಹೆಚ್ಚಿ ಒಗ್ಗರಣೆಗೆ ಹಾಕಿದೆ. ಲಸಿಕೆ ಕಾಯಿತೋ, ಆ ಜ್ವರವೇ ಮೆತ್ತಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಡಾಕ್ಟರೂ ಖಚಿತವಾಗಿ ಹೇಳಲಿಲ್ಲ.

ಮರುವರ್ಷ ಡಾಕ್ಟರು ಹೊಸ ಡಬ್ಬಿ ತಂದಾಗ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿದೆ.

"ಏನಂತೈತವಾ?" ಎಂದರು ಮಾವ.

"ಪೂರ್ತಿ ತಡಿಯುತ್ತೆ ಅನ್ನಂಗಿಲ್ಲ ಮಾವ. ಒಂದಿಷ್ಟು ಅಷ್ಟೇ."

ಅವರು ಗೂಟದಿಂದ ಮಫ್ಲರ್ ತೆಗೆದು ಕುತ್ತಿಗೆಗೆ ಸುತ್ತಿಕೊಂಡರು. ಆಮೇಲೆ ಅಂಗಿಯ ತೋಳು ಮಡಚಿ ಕೈಯನ್ನು ಡಾಕ್ಟರ ಕಡೆ ಚಾಚಿದರು.

"ಒಂದಿಷ್ಟು ಇದು ಕಾಯ್ಲಿ, ಒಂದಿಷ್ಟು ನಾನು ಕಾಯ್ಕಂತೀನಿ. ಚುಚ್ರಿ."