ಬೂದಿ ಬಿದ್ದ ಊರಿನಿಂದ ತಡವಾಗಿ ಬಂದವರು

ಮೊನ್ನೆ ಚನ್ನಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಿಂದಲೋ ಬಿಸಿ ಅರಗಿನ ವಾಸನೆ ಬಂತು. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ ಹಿಡಿದಾಗ ಏಳುವ ವಾಸನೆ. ನಮ್ಮ ಪಕ್ಕದ ಮನೆಯ ಮಾವನ ಅಂಗಿಯಲ್ಲಿ ಅದು ಭಾನುವಾರವೂ ಇರುತ್ತಿತ್ತು...

ಮಾವ ಬೊಂಬೆ ಮಾಡುವವರು. ಹದಿನೈದು ವರ್ಷಗಳ ಹಿಂದೆ ಕರಕುಶಲ ಮೇಳವೊಂದಕ್ಕೆ ಅವರನ್ನು ಗ್ವಾಟೆಮಾಲಾ ದೇಶದ ಆಂಟಿಗುವಾಕ್ಕೆ ಕರೆಸಿಕೊಂಡಿದ್ದರು. ಸ್ಪೇನಿನವರು ಆಳುವಾಗ ಕಟ್ಟಿದ ಹಳೆಯ ಪಟ್ಟಣವದು. ಎರಡು ವಾರಕ್ಕೆಂದು ಹೋದವರು ಒಂಬತ್ತು ದಿನ ತಡವಾಗಿ ಬಂದರು. ನಡುವೆ ಒಂದು ಫೋನೂ ಇರಲಿಲ್ಲ.

"ಬೆಟ್ಟ ಬೂದಿ ಉಗೀತು ಕಣವ್ವ, ಇಮಾನ ನಿಂತೋದ್ವು" ಎಂದರು.

ನಾವು ಹುಟ್ಟಿದಾಗಿನಿಂದ ನೋಡಿದ್ದು ರಾಮನಗರದ ಬಂಡೆಗಳನ್ನು. ಬೆಟ್ಟ ಉಗಿಯುವುದೆಂದರೇನು? ಬೆಂಗಳೂರಿನಲ್ಲಿ ಇಳಿದು ಇನ್ಯಾವುದೋ ಮನೆಯಲ್ಲಿ ಒಂಬತ್ತು ದಿನ ಇದ್ದು ಬಂದಿದ್ದಾರೆ ಎಂದು ಬೀದಿ ಮಾತಾಡಿತು. ಅತ್ತೆ ಪೆಟ್ಟಿಗೆ ಬಿಚ್ಚಿದಾಗ ಅಂಗಿಗಳೆಲ್ಲ ಒಗೆದು, ಅಂಚಿಗೆ ಅಂಚು ಸೇರಿಸಿ ಮಡಚಿದ್ದವು. ಮಾವ ಜನ್ಮದಲ್ಲಿ ಅಂಗಿ ಮಡಚಿದವರಲ್ಲ. ಇಳಿದುಕೊಂಡಿದ್ದ ಮನೆಯ ಅಜ್ಜಿ ಮಡಚಿಕೊಟ್ಟಳು ಎಂದರು. ಅಜ್ಜಿಯಂತೆ...

ನಾನು ಆಗಷ್ಟೇ ಕಾಲೇಜಿನಲ್ಲಿ ಬಟ್ಟೆಗೆ ಬಣ್ಣ ಹಾಕುವುದನ್ನು ಕಲಿಸಲು ಸೇರಿದ್ದೆ. ಅತ್ತೆ ಒಂದು ಫೋಟೋ ತಂದು ನನ್ನ ಮುಂದೆ ಹಿಡಿದರು. ಹಳದಿ ಚರ್ಚು, ಹಿಂದೆ ಬೆಟ್ಟ, ಅದರ ತುದಿಯಲ್ಲಿ ಬಿಳಿ ಮುದ್ದೆಯಂಥದ್ದು.

"ಓದಿರೋಳು ನೀನು. ಇದು ಹೊಗೇನಾ, ನೋಡಿ ಹೇಳು."

"ಮೋಡ ಇದ್ದಂಗೈತೆ ಅತ್ತೆ" ಎಂದೆ. ನೋಡುವ ಮೊದಲೇ ನಾನು ತೀರ್ಮಾನಿಸಿದ್ದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಒಮ್ಮೆ ಹುಡುಕಿ ನೋಡಬಹುದಿತ್ತು. ನೋಡಲಿಲ್ಲ. ಮಾವ ಬಾಗಿಲಲ್ಲೇ ನಿಂತಿದ್ದರು. ನನ್ನನ್ನೊಮ್ಮೆ ನೋಡಿ, ಫೋಟೋ ಇಸಿದುಕೊಂಡು ಒಳಗೆ ಹೋದರು. ಆಮೇಲೆ ಆ ಊರಿನ ಸುದ್ದಿಯನ್ನೇ ಎತ್ತಲಿಲ್ಲ. ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು.

ಈ ವರ್ಷ ಗಿಡಮೂಲದ ಬಣ್ಣಗಳ ತರಬೇತಿಗೆಂದು ನನಗೂ ಆಂಟಿಗುವಾದಿಂದ ಕರೆ ಬಂತು. ಹೋದ ಮೊದಲ ಮಧ್ಯಾಹ್ನವೇ, ತಾರಸಿಯ ಮೇಲೆ ಊಟಕ್ಕೆ ಕೂತಿದ್ದಾಗ, ಎದುರಿನ ಬೆಟ್ಟ ಗುಡುಗಿ ಬೂದು ಹೊಗೆ ಉಗುಳಿತು. ಬಡಿಸುತ್ತಿದ್ದವನು ತಲೆ ಎತ್ತಲೂ ಇಲ್ಲ. ನಾನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತೆ. ವಿಚಾರಿಸಿದರೆ, ಹೌದು, ಮಾವ ಹೋಗಿದ್ದ ವರ್ಷ ಇನ್ನೊಂದು ಬೆಟ್ಟದ ಬೂದಿ ಬಿದ್ದು ರಾಜಧಾನಿಯ ವಿಮಾನ ನಿಲ್ದಾಣ ಮುಚ್ಚಿತ್ತು ಎಂದರು.

ವಾಪಸು ಬಂದು ಎರಡು ತಿಂಗಳು ಅತ್ತೆಗೆ ಮುಖ ತೋರಿಸಿರಲಿಲ್ಲ. ಮೊನ್ನೆ ಬಸ್ಸು ಬಂದರೂ ಹತ್ತದೆ ಅವರ ಮನೆಗೆ ನಡೆದೆ. ಎಲ್ಲವನ್ನೂ ಹೇಳಿದೆ.

"ಅವತ್ತಿಂದ ಅವ್ರ ತಟ್ಟೆಗೆ ಬಡಿಸಿ ಒಳಿಕ್ಕೆ ಬಂದ್ಬುಡ್ತಿದ್ದೆ" ಎಂದರು ಅತ್ತೆ. "ಎದುರಿಗೆ ಕೂತ್ಕಂಡಿದ್ದೇ ಇಲ್ಲ."

ನನ್ನ ಎದುರಿಗೆ ಬಂದು ಕೂತರು.

"ಅಲ್ಲಿ ಉಣ್ಣಕ್ಕೆ ಏನ್ ಕೊಡ್ತಾರೆ?" ಎಂದು ಕೇಳಿದರು.

ಮುಸುಕಿನ ಜೋಳದ ರೊಟ್ಟಿ, ಕಪ್ಪು ಕಾಳಿನ ಗೊಜ್ಜು ಎಂದೆ. ರೊಟ್ಟಿ ಎಷ್ಟಗಲ, ಖಾರ ಹಾಕುತ್ತಾರಾ, ಮುದ್ದೆ ಇಲ್ಲದೆ ಮಾವ ಹೆಂಗಿದ್ದಿರಬಹುದು ಎಂದು ಒಂದೊಂದಾಗಿ ಕೇಳುತ್ತಾ ಹೋದರು. ಗೊತ್ತಿದ್ದಷ್ಟು ಹೇಳಿದೆ. ಉಳಿದದ್ದಕ್ಕೆ ಉತ್ತರ ಮಾವನ ಹತ್ತಿರ ಮಾತ್ರ ಇತ್ತು...