ಮಸ್ಟರಿನಲ್ಲಿ ಓದಿದ ದೂರು

‘ನಮ್ಮ ಸ್ಕೂಲಲ್ಲಿ ಅಂಥದ್ದೆಲ್ಲ ಆಗೋದೇ ಇಲ್ಲಮ್ಮ’ ಎಂದವರು ನಮ್ಮ ಹೆಡ್ಮಾಸ್ಟರು. ಮಕ್ಕಳ ರಕ್ಷಣಾ ನೀತಿಯ ಫೈಲನ್ನು ಇನ್‌ಸ್ಪೆಕ್ಷನ್ನಿಗೆ ತೋರಿಸಿ ಮತ್ತೆ ಬೀರುವಿನೊಳಗೆ ಇಡುವಾಗ ಪ್ರತಿ ವರ್ಷವೂ ಇದೇ ಮಾತು. ಸಮಿತಿಯ ಸದಸ್ಯೆ ಎಂದು ಅದರಲ್ಲಿ ನನ್ನ ಹೆಸರೂ ಇತ್ತು. ಆ ಸಮಿತಿ ಒಂದು ದಿನವೂ ಸೇರಿರಲಿಲ್ಲ.

ನಾನು ಅಮ್ಮತ್ತಿ ಹತ್ತಿರದ ಎಸ್ಟೇಟ್ ಲೈನಿನಲ್ಲಿ, ಕೂಲಿಯಾಳುಗಳ ಸಾಲುಮನೆಯಲ್ಲಿ, ಹುಟ್ಟಿದವಳು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಕಾಫಿ ಪಿಕಿಂಗ್ ಮಾಡಿದ ಕೈಯಲ್ಲೇ ಬಿ.ಎ., ಬಿ.ಎಡ್. ಪರೀಕ್ಷೆ ಬರೆದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ನನ್ನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು, ನಮ್ಮ ಲೈನಿನವಳೇ, ಸ್ಕೂಲ್ ವ್ಯಾನ್ ಬಿಟ್ಟು ನಡೆದೇ ಬರತೊಡಗಿದಳು. ಆನೆ ಓಡಾಡುವ ದಾರಿ. ಬೈದೆ.

‘ಆನೆ ಬಂದ್ರೆ ಓಡ್ಬಹುದು ಮಿಸ್. ವ್ಯಾನಲ್ಲಿ ಡ್ರೈವರಣ್ಣ ಕೈ ಹಾಕಿದ್ರೆ ಎಲ್ಲಿಗೆ ಓಡೋದು?’

ಅವತ್ತೇ ದೂರು ಬರೆದು ಹೆಡ್ಮಾಸ್ಟರಿಗೆ ಕೊಟ್ಟೆ. ‘ಮನೆಯವರ ಸಹಿ ಇಲ್ದೆ ಆಗಲ್ಲ. ನಾನು ತರಿಸ್ತೇನೆ’ ಎಂದರು. ನಂಬಿದೆ. ಯಾರ ಸಹಿಯೂ ಬೇಕಿಲ್ಲ, ಗೊತ್ತಾದವರು ನೇರವಾಗಿ ಪೊಲೀಸರಿಗೆ ತಿಳಿಸಬೇಕು ಎಂದು ಅದೇ ಫೈಲಿನ ಮೂರನೇ ಪುಟದಲ್ಲಿತ್ತು. ಎರಡು ಡಿಗ್ರಿ ಮಾಡಿದ ನಾನು ಆ ಪುಟ ತಿರುಗಿಸಿಯೇ ಇರಲಿಲ್ಲ.

ಲೈನಿನ ಮಕ್ಕಳ ಮನೆಗೆ ಸ್ಕೂಲಿನಿಂದ ಯಾವ ಕಾಗದ ಹೋದರೂ ಅದು ಮೊದಲು ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ ಕೈ ಸೇರುತ್ತದೆ. ಬೆಳಿಗ್ಗೆ ಮಸ್ಟರಿನಲ್ಲಿ, ಆಳುಗಳಿಗೆ ಕೆಲಸ ಹಂಚುವ ಹೊತ್ತಿನಲ್ಲಿ, ಆತ ಅದನ್ನು ಗಟ್ಟಿಯಾಗಿ ಓದಿ, ಸಂಬಂಧಪಟ್ಟವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ ಕಳಿಸುತ್ತಾನೆ. ಪೇರೆಂಟ್ಸ್ ಮೀಟಿಂಗು, ಯೂನಿಫಾರಂ ಅಳತೆ, ಜಂತುಹುಳದ ಮಾತ್ರೆ, ಎಲ್ಲ ಹಾಗೆಯೇ. ಹೆಡ್ಮಾಸ್ಟರು ದೂರನ್ನೂ ಹಾಗೆಯೇ ಕಳಿಸಿದರು. ರೈಟರೂ ಹಾಗೆಯೇ ಓದಿದ. ಮಗುವಿನ ಹೆಸರು, ತರಗತಿ, ನಾನು ಬರೆದ ಒಂದೊಂದು ಸಾಲು, ಅಷ್ಟೂ ಜನರ ಮುಂದೆ! ಆ ಮಸ್ಟರಿನಲ್ಲಿ ಅಮ್ಮನ ಪಕ್ಕ ನಿಂತು ಬೆಳೆದ ನನಗೂ ಇದು ಮೊದಲೇ ಹೊಳೆಯಲಿಲ್ಲವಲ್ಲ.

ಸುದ್ದಿ ಕೇಳಿ ಹೆಡ್ಮಾಸ್ಟರ ರೂಮಿಗೆ ನುಗ್ಗಿದೆ.

‘ಯಾಕ್ರೀ ಕಿರುಚ್ತೀರಾ? ಯಾವಾಗ್ಲೂ ಕಳಿಸೋ ಹಾಗೇ ಕಳಿಸಿದ್ದು.’

ಅವರೆದುರೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ನಾಳೆ ಪೊಲೀಸರ ಜೊತೆ ಬರುತ್ತೇವೆ ಎಂದರು ಸಹಾಯವಾಣಿಯವರು.

ಮರುದಿನ ಪ್ರಾರ್ಥನೆಯ ಬೆಲ್ ಹೊಡೆಯುವ ಮೊದಲೇ ಹೆಡ್ಮಾಸ್ಟರು ಹುಡುಗಿಯ ಅಜ್ಜಿಯನ್ನು ಕರೆಸಿದ್ದರು. ಅಪ್ಪ ಅಮ್ಮ ಕುಟ್ಟದ ಕಡೆ ಕೆಲಸಕ್ಕಿದ್ದಾರೆ, ಸಾಕುತ್ತಿರುವುದು ಅಜ್ಜಿಯೇ. ಮೇಜಿನ ಮೇಲೆ ಟಿ.ಸಿ. ಬರೆದು ಸೀಲು ಒತ್ತಿಟ್ಟಿದ್ದರು. ಪೊಲೀಸರು ಬರುವ ಹೊತ್ತಿಗೆ ಆ ಹುಡುಗಿ ನಮ್ಮ ರಿಜಿಸ್ಟರಿನಲ್ಲೇ ಇರಬಾರದು, ಅಷ್ಟೇ ಅವರ ಆಲೋಚನೆ.

‘ಮಗುವಿನ ಮಾನದ ಪ್ರಶ್ನೆ ಅಜ್ಜಿ. ಬೇರೆ ಸ್ಕೂಲಿಗೆ ಹಾಕಿ’ ಎನ್ನುತ್ತ ಅದನ್ನು ಅಜ್ಜಿಯ ಕೈಗಿತ್ತರು.

‘ತಗೋಬೇಡಿ!’ ಎಂದು ನಾನು ಕೂಗಿದೆ. ಅಜ್ಜಿ ತೆಗೆದುಕೊಂಡೇಬಿಟ್ಟರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಇದು ಸ್ಕೂಲ್ ಬಿಡಿಸೋ ಕಾಗ್ದ ಅಲ್ವಾ ಸಾರ್? ಡ್ರೈವರಿಗೆ ಬರೆಯೋದನ್ನ ನಮ್ ಕೂಸಿಗೆ ಬರ್ದಿದ್ದೀರಿ. ತಿದ್ದಿ ಕೊಡಿ, ಅವನಿಗೆ ನಾನೇ ಮುಟ್ಟಿಸ್ತೇನೆ. ಕೂಸು ಹೊರಗೆ ಕೂತಿದೆ, ಕ್ಲಾಸಿಗೆ ಕರ್ಕೊಂಡ್ ಹೋಗಿ ಮಿಸ್.’